ಮೂರು ಜನ ಬೇಕಾದ ಮಗ್ಗದ ಮುಂದೆ ಈಗ ಒಬ್ಬಳೇ

ಕೈಮಗ್ಗದಲ್ಲಿ ಒಂದು ಇಳಕಲ್ ಸೀರೆ ನೇಯಲು ಕಡಿಮೆ ಅಂದ್ರೂ ಮೂರು ಜನ ಬೇಕು. ಒಬ್ಬರು ಮಗ್ಗದಲ್ಲಿ ಕೂರಬೇಕು. ಇನ್ನಿಬ್ಬರು ಅದಕ್ಕೂ ಮೊದಲಿನ ಕೆಲಸ ಮಾಡಬೇಕು. ನೂಲು ಬಿಡಿಸಿ ಸುತ್ತಬೇಕು, ಅಡ್ಡ ಎಳೆ ಎಳೆಯುವ ಲಾಳಿಗೆ ಕಂಡಿಕೆ (ನೂಲು ಸುತ್ತಿದ ಸಣ್ಣ ಕೊಳವೆ) ತುಂಬಬೇಕು, ಹಾಸು, ಅಂದರೆ ಮಗ್ಗದ ಉದ್ದಕ್ಕೂ ಬಿಗಿಯುವ ಎಳೆಗಳನ್ನು, ಹೂಡಬೇಕು. ಈ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಅದೇ ಟೋಪ ತೆನಿ. ಇದರಿಂದಾಗಿ ಒಂದು ಉದ್ದ ಹಾಸು ಹೂಡಿ ಹತ್ತು ಸೀರೆ ಇಳಿಸಿಕೊಳ್ಳೋಣ ಅಂದ್ರೆ ಆಗಲ್ಲ. ಪ್ರತಿ ಸೀರೆಗೂ ಹಾಸು ಹೊಸದಾಗಿ ತಯಾರಾಗಬೇಕು, ಪ್ರತಿ ಸಲವೂ ಎರಡು ಜೊತೆ ಕೈ ಪಕ್ಕದಲ್ಲಿರಬೇಕು. ಇಷ್ಟೆಲ್ಲ ಆಗಿ ಒಂದು ಸೀರೆ ಮಗ್ಗದಿಂದ ಇಳಿಯಲು ಹೆಚ್ಚುಕಡಿಮೆ ಒಂದು ವಾರ.

ಆ ಇನ್ನಿಬ್ಬರು ಯಾರು? ಎಷ್ಟೋ ಮನೆಗಳಲ್ಲಿ ಒಬ್ಬಳು ಅವ್ವ. ಇನ್ನೊಬ್ಬರು ಶಾಲೆಯಿಂದ ಬಂದು, ಚೀಲ ಮೂಲೆಗೆ ಇಟ್ಟು, ರಾಟೆ ಮುಂದೆ ಕೂರುವ ಮಗ ಅಥವಾ ಮಗಳು. ಕೈ ಸಾಲದಿದ್ದರೆ ಪಕ್ಕದ ಮನೆಯ ಹುಡುಗರು. ಇವತ್ತು ನಮ್ಮ ಮನೆ ಕೆಲಸ, ನಾಳೆ ನಿಮ್ಮ ಮನೆಯದು. ಇದಕ್ಕೆ ಯಾರೂ ತರಬೇತಿ ಅಂತ ಹೆಸರಿಟ್ಟಿರಲಿಲ್ಲ. ಆದರೆ ಎಳೆ ಹರಿದರೆ ಗಂಟು ಹೇಗೆ ಹಾಕಬೇಕು, ಕಂಡಿಕೆ ಎಷ್ಟು ಬಿಗಿ ಇರಬೇಕು, ಸೀರೆಯ ಅಂಚಿನಲ್ಲಿ ಗೋಮಿ ದಡಿಗೂ ಗಾಡಿ ದಡಿಗೂ ಏನು ವ್ಯತ್ಯಾಸ, ಇದೆಲ್ಲ ಒಂದೇ ಓಣಿಯ ಹತ್ತು ಹನ್ನೆರಡು ಮಕ್ಕಳಿಗೆ ಒಟ್ಟಿಗೇ, ಮಾತಾಡ್ತಾ ಜಗಳ ಆಡ್ತಾ ಕೈಗೆ ಹತ್ತುತ್ತಿತ್ತು.

ನೇಕಾರಿಕೆ ಅಂದ ಕೂಡಲೇ ನಮಗೆ ಒಬ್ಬ ವಯಸ್ಸಾದ ನೇಕಾರ ಒಬ್ಬನೇ ಮಗ್ಗದ ಮುಂದೆ ಕೂತ ಫೋಟೋ ನೆನಪಾಗುತ್ತೆ, ಅಲ್ವಾ? ಆ ಫೋಟೋದಲ್ಲಿ ಕಾಣದೇ ಇರುವವರ ಬಗ್ಗೆ ನಾನು ಬರೆಯಬೇಕು ಅಂದುಕೊಂಡಿದ್ದೇನೆ. 14ರಿಂದ 18 ವರ್ಷದ ಆ ಗೆಳೆಯರ ಗುಂಪು ಈಗ ಎಲ್ಲಿದೆ, ಯಾಕೆ ಚದುರಿತು, ಚದುರಿದ ಮೇಲೆ ಉಳಿದವರ ಪಾಡೇನು ಅನ್ನೋದು.

ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ. "ಈಗಿನ ಹುಡುಗರಿಗೆ ಮಗ್ಗ ಬೇಡ, ಮೊಬೈಲ್ ಬೇಕು, ಅದಕ್ಕೇ ಕಸುಬು ಸಾಯ್ತಿದೆ." ಸಭೆಗಳಲ್ಲಿ ಹೇಳ್ತಾರೆ, ಮನೆಗಳಲ್ಲೂ ಹೇಳ್ತಾರೆ. ನನಗೆ ಇದು ತಲೆಕೆಳಗಾದ ಮಾತು ಅನಿಸುತ್ತದೆ. ಹುಡುಗರು ಹೋಗಿದ್ದರಿಂದ ಕಸುಬು ಬಡವಾಗಲಿಲ್ಲ. ಕಸುಬು ಬಡವಾಗಿದ್ದನ್ನು ಎಲ್ಲರಿಗಿಂತ ಹತ್ತಿರದಿಂದ ನೋಡಿದವರು ಹುಡುಗರು, ನೋಡಿ ಹೊರಟರು. ಅವರು ಹೊರಟ ಮೇಲೆ ಇನ್ನೊಂದು ಪೆಟ್ಟು ಬಿತ್ತು, ಅದನ್ನು ಯಾರೂ ಸರಿಯಾಗಿ ಲೆಕ್ಕಕ್ಕೆ ಹಿಡಿದಿಲ್ಲ. ಒಬ್ಬೊಬ್ಬರೇ ಹೋದಾಗ ಓಣಿಯಿಂದ ಬರೀ ಒಂದೊಂದು ಜೊತೆ ಕೈ ಕಡಿಮೆಯಾಗಲಿಲ್ಲ. ಉಳಿದವರಿಗೂ ನೇಯಲು ಆಗದಂತಾಯಿತು. ಮೂರು ಜನ ಬೇಕಾದ ಕೆಲಸದಲ್ಲಿ ಇಬ್ಬರು ಎದ್ದುಹೋದರೆ ಮೂರನೆಯವಳು ಏನು ಮಾಡಬೇಕು?

ಇದು ಬರೀ ಭಾವನೆಯ ಮಾತಲ್ಲ, ಗಣತಿಯಲ್ಲೇ ಕಾಣುತ್ತದೆ. 1995-96ರ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ ನೇಕಾರರು ಮತ್ತು ಪೂರಕ ಕೆಲಸದವರು ಸೇರಿ ಸುಮಾರು 65.5 ಲಕ್ಷ ಜನ ಇದ್ದರು. 2009-10ರಲ್ಲಿ 43.31 ಲಕ್ಷ. 2019-20ರ ನಾಲ್ಕನೇ ಗಣತಿಯಲ್ಲಿ 35.22 ಲಕ್ಷ. ಇಳಿಯುತ್ತಿದೆ ಅನ್ನೋದು ಎಲ್ಲರಿಗೂ ಗೊತ್ತಿರುವ ವಿಷಯ. ನಾನು ಹೇಳಬೇಕಾದ್ದು ಮನೆಗಳ ಲೆಕ್ಕ. 2009-10ರಲ್ಲಿ ಕೈಮಗ್ಗದ ಮನೆಗಳು 27.83 ಲಕ್ಷ. ಹತ್ತು ವರ್ಷದ ನಂತರ 31.45 ಲಕ್ಷ. ಮನೆಗಳು ಜಾಸ್ತಿಯಾಗಿವೆ, ಕೈಗಳು ಕಡಿಮೆಯಾಗಿವೆ!

ಸ್ವಲ್ಪ ನಿಧಾನಕ್ಕೆ ನೋಡೋಣ. 2009-10ರ 43.31 ಲಕ್ಷದಲ್ಲಿ ವಯಸ್ಕರು 38.47 ಲಕ್ಷ. ಅಂದರೆ ಉಳಿದ ಸುಮಾರು 4.84 ಲಕ್ಷ ಮಂದಿ 18 ತುಂಬದವರು. ನಾನು ಮಾತಾಡುತ್ತಿರುವ ರಾಟೆ ಮುಂದಿನ ಮಕ್ಕಳು ಇವರೇ. ಅವರನ್ನು ಬಿಟ್ಟು ವಯಸ್ಕರನ್ನಷ್ಟೇ ಹಿಡಿದರೂ ಆಗ ಪ್ರತಿ 100 ಮನೆಗೆ 138 ಜನ ದುಡಿಯುತ್ತಿದ್ದರು. 2019-20ರ ಹೊತ್ತಿಗೆ 100 ಮನೆಗೆ 112. ಹೆಚ್ಚುಕಡಿಮೆ ಒಂದು ಮನೆಗೆ ಒಂದೇ ಜೀವ. ಒಂದು ಮಾತು ಸೇರಿಸಲೇಬೇಕು. ದೇಶದ ಕೈಮಗ್ಗದ ಮನೆಗಳಲ್ಲಿ ದೊಡ್ಡ ಪಾಲು ಅಸ್ಸಾಂ ಮತ್ತು ಈಶಾನ್ಯದ ಇತರ ರಾಜ್ಯಗಳದ್ದು. ಅಲ್ಲಿ ಹೆಂಗಸರು ಮನೆ ಬಳಕೆಗೂ ನೇಯುತ್ತಾರೆ, ಅಲ್ಲಿನ ರೀತಿಯೇ ಬೇರೆ. ಹಾಗಾಗಿ ಈ ಸರಾಸರಿಯನ್ನು ಹಾಗೆಯೇ ತಂದು ನಮ್ಮ ಬಾಗಲಕೋಟೆ ಜಿಲ್ಲೆಯ ಇಳಕಲ್‌ ಅಥವಾ ಗುಳೇದಗುಡ್ಡದ ಮೇಲೆ ಹೇರಲು ಬರಲ್ಲ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನೋದು ಗೊತ್ತಾಗುತ್ತದೆ, ಮತ್ತು ನಮ್ಮ ಕಡೆ ಓಣಿಗಳಲ್ಲಿ ಕಣ್ಣಿಗೆ ಕಾಣುವುದೂ ಇದನ್ನೇ.

ಇನ್ನು ದುಡ್ಡಿನ ಲೆಕ್ಕ. ಅದೇ ನಾಲ್ಕನೇ ಗಣತಿ ಹೇಳುವ ಪ್ರಕಾರ ನೇಕಾರರ ಮನೆಗಳಲ್ಲಿ ಶೇ. 66ಕ್ಕೂ ಹೆಚ್ಚು ಮನೆಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಒಬ್ಬರದ್ದಲ್ಲ, ಇಡೀ ಮನೆಯದು. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ಕೂಲಿ ದಿನಕ್ಕೆ 249 ರೂಪಾಯಿ ಇತ್ತು. 20 ದಿನ ಕೆರೆ ಹೂಳು ಎತ್ತಿದರೆ ಒಬ್ಬನಿಗೆ 4,980 ಸಿಗುತ್ತಿತ್ತು. ಮೂರು ಜನ ಸೇರಿ ತಿಂಗಳಿಡೀ, ಅಜ್ಜನಿಂದ ಬಂದ ಕೈಚಳಕ ಎಲ್ಲ ಸುರಿದು ನೇಯ್ದರೂ, ಯಾವ ಕಸುಬೂ ಗೊತ್ತಿಲ್ಲದ ಒಬ್ಬ ಮನುಷ್ಯನ 20 ದಿನದ ಮಣ್ಣಿನ ಕೆಲಸಕ್ಕೆ ಸಮ. ಹತ್ತನೇ ತರಗತಿಯ ಹುಡುಗನಿಗೆ ಈ ಲೆಕ್ಕ ಮಾಡೋಕೆ ಬರುತ್ತೆ. ಅವನು ಮಾಡಿಯೇ ಹೊರಡುವುದು.

ಕೂಲಿ ಯಾಕೆ ಇಷ್ಟು ಕೆಳಗಿದೆ ಅಂದರೆ, ಬಹುಪಾಲು ನೇಕಾರರು ತಮ್ಮದೇ ಮಾಲು ತಾವೇ ಮಾರುವವರಲ್ಲ. ಸಾವಕಾರರು ನೂಲು ಕೊಡುತ್ತಾರೆ, ಇವರು ನೇಯ್ದು ಕೊಡುತ್ತಾರೆ, ಸೀರೆಗೆ ಇಷ್ಟು ಅಂತ ಮಜೂರಿ. ಮದುವೆಗೋ ಆಸ್ಪತ್ರೆಗೋ ಮುಂಗಡ ತೆಗೆದುಕೊಂಡಿದ್ದರೆ ಅದು ಮಜೂರಿಯಲ್ಲಿ ಮುರಿಯುತ್ತಾ ಹೋಗುತ್ತದೆ. ಸಾವಕಾರನೂ ಎಷ್ಟು ಕೊಡಬಲ್ಲ? ಅವನ ಎದುರಿಗೆ ಕರೆಂಟಿನಲ್ಲಿ ಓಡುವ ಪವರ್‌ಲೂಮ್ ನಿಂತಿದೆ. ಕೈಮಗ್ಗಕ್ಕೆ ವಾರ ಹಿಡಿಯುವ ಸೀರೆಯ ಮಾದರಿಯನ್ನು ಅದು ದಿನದೊಳಗೆ ಇಳಿಸುತ್ತದೆ. ಟೋಪ ತೆನಿ ಇರಲ್ಲ, ಸೆರಗಿನ ರೇಷ್ಮೆ ಇರಲ್ಲ, ಆದರೆ ದಡಿ ಹಾಗೇ ಕಾಣುತ್ತೆ, ಬಣ್ಣ ಹಾಗೇ ಕಾಣುತ್ತೆ, ಅಂಗಡಿಯಲ್ಲಿ "ಇಳಕಲ್" ಅಂತಲೇ ಮಾರುತ್ತಾರೆ. ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ (ರವಿಕೆಯ ಬಟ್ಟೆ) ಜಿಐ ಟ್ಯಾಗ್ ಇದೆ, ಅಂದರೆ ಈ ಮಾಲು ಈ ಊರಿನದೇ ಅನ್ನುವ ಕಾನೂನಿನ ಗುರುತು. ಟ್ಯಾಗ್ ಇದ್ದರೆ ಸಾಲದು, ಅಂಗಡಿಯಲ್ಲಿ ನಿಂತ ಕೊಳ್ಳುವವಳಿಗೆ ವ್ಯತ್ಯಾಸ ಗೊತ್ತಾಗಬೇಕಲ್ಲ.

ಕಾನೂನು ಇಲ್ಲ ಅಂತಲ್ಲ. ಕೆಲವು ಬಗೆಯ ಬಟ್ಟೆ ಕೈಮಗ್ಗದಲ್ಲಿ ಮಾತ್ರ ನೇಯಬೇಕು ಅಂತ 1985ರಲ್ಲೇ ಮೀಸಲಾತಿ ಕಾಯ್ದೆ ಬಂತು. ಮೊದಲು ಪಟ್ಟಿಯಲ್ಲಿ 22 ಬಗೆ ಇದ್ದವು, ನಂತರ ಅದನ್ನು 11ಕ್ಕೆ ಇಳಿಸಿದರು. ಆ 11ಕ್ಕಾದರೂ ಕಾವಲು ಬಿಗಿಯಾಗಿದೆಯಾ ಅಂದರೆ, ಯಾವುದೇ ಊರಿನ ಸಂತೆಗೆ ಹೋಗಿ ನೋಡಿದರೆ ಉತ್ತರ ಸಿಗುತ್ತದೆ. 2020ರ ಜುಲೈನಲ್ಲಿ, ಕೈಮಗ್ಗದ ವಿಷಯದಲ್ಲಿ ಸರ್ಕಾರಕ್ಕೆ ಸಲಹೆ ಕೊಡುತ್ತಿದ್ದ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೂ ಕೇಂದ್ರ ಸರ್ಕಾರ ರದ್ದು ಮಾಡಿತು. ಲಾಕ್‌ಡೌನ್‌ನಲ್ಲಿ ಮಾಲು ಮನೆಯಲ್ಲೇ ಕೊಳೆಯುತ್ತಿದ್ದ ಹೊತ್ತು ಅದು. ಅದಕ್ಕೂ ಒಂದು ವರ್ಷ ಮೊದಲು, 2019ರ ಆಗಸ್ಟ್‌ನಲ್ಲಿ, ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆ ಮನೆಗಳಿಗೆ ನೀರು ನುಗ್ಗಿತ್ತು. ನಮ್ಮ ಕಡೆ ಹೆಚ್ಚಿನವು ಕುಣಿಮಗ್ಗ. ನೆಲದಲ್ಲಿ ಗುಂಡಿ ತೋಡಿ, ನೇಕಾರ ಕಾಲು ಅದರೊಳಗೆ ಇಳಿಬಿಟ್ಟು ಕೂರುವಂಥದ್ದು. ಹೊಳೆ ನೀರು ಮನೆಗೆ ಬಂದರೆ ಮೊದಲು ತುಂಬುವುದೇ ಆ ಕುಣಿ.

ಇದನ್ನೆಲ್ಲ ಮಗು ಎಲ್ಲಿ ಕೂತು ನೋಡುತ್ತದೆ ಅನ್ನೋದು ಮುಖ್ಯ. ಕಾರ್ಖಾನೆ ಕೆಲಸಗಾರನ ಮಗನಿಗೆ ಅಪ್ಪನ ಕಷ್ಟ ಸಂಜೆ ಮನೆಗೆ ಬಂದಾಗ ಮುಖದಲ್ಲಿ ಕಾಣುತ್ತದೆ. ನೇಕಾರನ ಮಗಳಿಗೆ ಹಾಗಲ್ಲ. ಮಗ್ಗ ಇರುವುದು ಮನೆಯ ಒಳಗೇ. ಎಷ್ಟೋ ಸಲ ಮನೆಯ ದೊಡ್ಡ ಕೋಣೆಯೇ ಮಗ್ಗದ್ದು. ಅದರ ಸದ್ದಿನಲ್ಲೇ ನಿದ್ದೆ, ಅದರ ಸದ್ದಿನಲ್ಲೇ ಓದು. ಕುಣಿಯ ಅಂಚಿನಲ್ಲಿ ಕೂತು ಹೋಂವರ್ಕ್ ಮಾಡುವ ಹುಡುಗಿಗೆ ಸಾವಕಾರರ ಜೊತೆ ಅಪ್ಪ ಫೋನಿನಲ್ಲಿ ಮಾತಾಡುವುದು ಕೇಳಿಸುತ್ತದೆ. "ಈ ವಾರ ಇಷ್ಟೇ ಅಂತಾರ" ಅಂತ ಅವ್ವನಿಗೆ ಹೇಳುವುದೂ ಕೇಳಿಸುತ್ತದೆ. ಲಾಳಿ ಓಡುವ ಸದ್ದು ನಿಂತರೆ ಅವಳು ಪುಸ್ತಕದಿಂದ ತಲೆ ಎತ್ತುತ್ತಾಳೆ. ನಿಂತಿದ್ದು ಎಳೆ ಹರಿದಿದ್ದಕ್ಕಾ, ನೂಲು ಮುಗಿದಿದ್ದಕ್ಕಾ, ಅಥವಾ ಅಪ್ಪನ ಸೊಂಟ ಹಿಡಿದಿದ್ದಕ್ಕಾ ಅಂತ ಸದ್ದಿನ ಮೇಲೇ ಅವಳಿಗೆ ತಿಳಿಯುತ್ತದೆ. ಇಂಥ ಮಕ್ಕಳಿಗೆ ಕಸುಬಿನ ಬೆಲೆ ಗೊತ್ತಿಲ್ಲ ಅಂತ ಹೊರಗಿನವರು ಹೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈಗ ಮೂವರು ಗೆಳೆಯರನ್ನು ಕಣ್ಣ ಮುಂದೆ ತಂದುಕೊಳ್ಳಿ. ನಿರ್ದಿಷ್ಟವಾಗಿ ಇಂಥವರೇ ಅಂತಲ್ಲ, ಆದರೆ ನೇಕಾರರ ಊರುಗಳ ಪರಿಚಯ ಇದ್ದವರಿಗೆ ಇವರು ಹೊಸಬರೂ ಅಲ್ಲ. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಒಂದೇ ಓಣಿ, ಒಂದೇ ಶಾಲೆ. ಮೂವರೂ ಕಂಡಿಕೆ ಸುತ್ತಿ ಬೆಳೆದವರು. ಎಸ್ಸೆಸ್ಸೆಲ್ಸಿ ಮುಗಿಯುತ್ತದೆ. ಮೊದಲನೆಯವನ ಮಾವ ಬೆಂಗಳೂರಲ್ಲಿ ಇದ್ದಾನೆ, ಅವನು ಕರೆಸಿಕೊಳ್ಳುತ್ತಾನೆ. ಮೊದಲು ಡೆಲಿವರಿ ಕೆಲಸ, ಆಮೇಲೆ ಯಾವುದೋ ಗೋಡೌನ್. ಎರಡನೆಯವನು ಐಟಿಐ ಸೇರುತ್ತಾನೆ, ಅಥವಾ ಅಪ್ಪನ ಸಾಲ ಜಾಸ್ತಿ ಇದ್ದರೆ ಇಳಕಲ್ ಸುತ್ತಲಿನ ಗ್ರಾನೈಟ್ ಕ್ವಾರಿಗೋ, ಗೋವಾ, ಮಂಗಳೂರಿನ ಕಟ್ಟಡ ಕೆಲಸಕ್ಕೋ ಹೋಗುತ್ತಾನೆ. ಮೂರನೆಯವಳು ಪಿಯುಸಿಗೆ ಹೆಸರು ಹಚ್ಚುತ್ತಾಳೆ, ಬೆಳಗ್ಗೆ ಕಾಲೇಜು, ಮಧ್ಯಾಹ್ನದಿಂದ ಮಗ್ಗ. ಮೂವರ ದಾರಿ ಬೇರೆಯಾಗಿದ್ದು ಯಾರಿಗೆ ಮಗ್ಗ ಇಷ್ಟ, ಯಾರಿಗೆ ಇಷ್ಟವಿಲ್ಲ ಅನ್ನೋದರ ಮೇಲೆ ಅಲ್ಲ. ಯಾರಿಗೆ ಊರು ಬಿಡಲು ಸಾಧ್ಯವಿತ್ತು, ಯಾರಿಗೆ ಇರಲಿಲ್ಲ ಅನ್ನೋದರ ಮೇಲೆ.

ಮೊದಲ ವರ್ಷ ಎಲ್ಲ ಚೆನ್ನಾಗೇ ಇರುತ್ತದೆ. ವಾಟ್ಸ್‌ಆ್ಯಪ್ ಗುಂಪು ಇರುತ್ತೆ, ದಿನಾ ಫೋಟೋ ಬರುತ್ತೆ. ಪುಷ್ಯ ಮಾಸದಲ್ಲಿ ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆ. ನೇಕಾರ ಸಮುದಾಯವಾದ ದೇವಾಂಗದವರಿಗೆ ಬನಶಂಕರಿ ಕುಲದೇವತೆ, ಆಗ ಎಲ್ಲಿದ್ದರೂ ಊರಿಗೆ ಬರುತ್ತಾರೆ. ತೇರು ನೋಡಿ, ರಾತ್ರಿ ಕಂಪನಿ ನಾಟಕಕ್ಕೆ ಹೋಗಿ, ಬೆಳಗಿನ ಜಾವದವರೆಗೂ ಮಾತು. ಎರಡನೇ ವರ್ಷ ಮಾತಿಗೆ ಮೊದಲಿನ ಸಲೀಸು ಇರಲ್ಲ. ಊರಿಗೆ ಬಂದವನ ಕೈಯಲ್ಲಿ ಹೊಸ ಫೋನ್ ಇದೆ, ಉಳಿದವಳ ಕೈಯಲ್ಲಿ ನೂಲಿನ ಬಣ್ಣ ಇದೆ. ಅವನು ಹೆಮ್ಮೆಯಿಂದ ಏನೂ ಹೇಳಿಲ್ಲ, ಅವಳು ಹೊಟ್ಟೆಕಿಚ್ಚು ಪಟ್ಟಿಲ್ಲ, ಆದರೂ ಇಬ್ಬರಿಗೂ ಏನೋ ಮುಜುಗರ. ಅವನಿಗೆ ತಾನು ಬಿಟ್ಟು ಹೋದೆ ಅನ್ನೋ ಅಳುಕು. ಅವಳಿಗೆ ತಾನು ಉಳಿದುಬಿಟ್ಟೆ ಅನ್ನೋ ಅಳುಕು.

ಆ ವಯಸ್ಸಿನಲ್ಲಿ ಗೆಳೆಯರೇ ಕನ್ನಡಿ. ನಾನು ಮಾಡ್ತಿರೋದು ಸರಿಯಾ ಅಂತ ನೋಡಿಕೊಳ್ಳುವುದು ಅವರ ಮುಖದಲ್ಲಿ. ಹತ್ತು ಜನ ಗೆಳೆಯರಲ್ಲಿ ಎಂಟು ಮಂದಿ ಹೋದ ಮೇಲೆ ಉಳಿದ ಇಬ್ಬರಿಗೆ, ಅವರು ಎಷ್ಟೇ ಚೆನ್ನಾಗಿ ನೇಯಲಿ, ತಾವು ಸೋತವರು ಅಂತ ಅನಿಸತೊಡಗುತ್ತದೆ. ಈ ಅನಿಸಿಕೆಗೆ ಓಣಿಯ ದೊಡ್ಡವರೂ ನೀರೆರೆಯುತ್ತಾರೆ. "ಅವ ನೋಡು ಬೆಂಗಳೂರಾಗ ಪಗಾರ ತಗೋತಾನ, ನೀ ಇಲ್ಲೇ ಕುಣಿಯೊಳಗ ಕುಂತಿ" ಅನ್ನುವ ಮಾತನ್ನು ಮಗ್ಗವನ್ನೇ ನಂಬಿದ ಅಪ್ಪನೇ ಆಡುತ್ತಾನೆ. ಪ್ರೀತಿಯಿಂದಲೇ ಆಡುತ್ತಾನೆ, ಮಗ ತನ್ನಂತೆ ಆಗದಿರಲಿ ಅಂತ. ಮದುವೆ ಮಾತು ಬಂದರಂತೂ ಮುಗಿಯಿತು. ಮಗ್ಗದಲ್ಲಿ ಕೂರುವ ಹುಡುಗನಿಗೆ ಹೆಣ್ಣು ಕೊಡಲ್ಲ ಅನ್ನೋದು ನೇಕಾರರ ಮನೆಗಳಲ್ಲೇ ಓಡಾಡುವ ಮಾತು. ರೈತರ ಮನೆಗಳಲ್ಲೂ ಇದನ್ನೇ ಕೇಳುತ್ತೇವೆ. 17 ವರ್ಷದ ಹುಡುಗ ಇದನ್ನು ಕೇಳಿಸಿಕೊಂಡು, ಇಲ್ಲೇ ಉಳಿಯುವ ಆಸೆ ಇದ್ದರೂ, ಯಾವ ಧೈರ್ಯದ ಮೇಲೆ ಉಳಿಯಬೇಕು?

ಹೀಗೆ ಹುಡುಗರು ಮೊದಲು ಹೋಗುತ್ತಾರೆ, ಹುಡುಗಿಯರು ಉಳಿಯುತ್ತಾರೆ. ದೇಶದ ಕೈಮಗ್ಗದ ಕೆಲಸಗಾರರಲ್ಲಿ ಶೇ. 72ರಷ್ಟು ಹೆಂಗಸರು ಅಂತ ಅದೇ ಗಣತಿ ಹೇಳುತ್ತದೆ. ಈ ಅಂಕಿಯನ್ನು ವೇದಿಕೆಗಳಲ್ಲಿ ಮಹಿಳಾ ಸಬಲೀಕರಣದ ಗುರುತು ಅಂತ ಹೇಳುವುದನ್ನು ಕೇಳಿದ್ದೇನೆ. ಈಶಾನ್ಯದ ಮಟ್ಟಿಗೆ ಅದರಲ್ಲಿ ನಿಜ ಇರಬಹುದು, ಅಲ್ಲಿ ನೇಯುವುದು ಮೊದಲಿನಿಂದಲೂ ಹೆಂಗಸರ ಕೈಯಲ್ಲೇ ಇದೆ. ನಮ್ಮ ಕಡೆ ಹಾಗಲ್ಲ. ಇಲ್ಲಿ ಮಗ್ಗದಲ್ಲಿ ಗಂಡಸರು ಕೂರುತ್ತಿದ್ದರು, ರಾಟೆ ಹೆಂಗಸರದ್ದು ಮಕ್ಕಳದ್ದು ಅಂತಿತ್ತು. ಈಗ ಅಣ್ಣ ಊರು ಬಿಟ್ಟ ಮೇಲೆ ತಂಗಿ ಮಗ್ಗಕ್ಕೆ ಇಳಿದರೆ ಅದು ಅವಳಿಗೆ ಸಿಕ್ಕ ಜಾಗವಾ, ಅಥವಾ ಎಲ್ಲರೂ ಬಿಟ್ಟು ಹೋದ ಜಾಗವಾ ಅಂತ ಕೇಳಬೇಕಾಗುತ್ತದೆ. ಮಜೂರಿ ಅವಳ ಖಾತೆಗೆ ಬರುತ್ತಾ, ಅಪ್ಪನ ಕೈಗೆ ಹೋಗುತ್ತಾ? ನೇಕಾರರ ಗುರುತಿನ ಚೀಟಿ ಯಾರ ಹೆಸರಲ್ಲಿದೆ? ಸಹಕಾರ ಸಂಘದಲ್ಲಿ ಸದಸ್ಯತ್ವ ಯಾರದು? ಈ ಮೂರು ಪ್ರಶ್ನೆಗೆ ಉತ್ತರ ಸಿಗುವವರೆಗೂ ನಾನು ಆ ಶೇ. 72ಕ್ಕೆ ಚಪ್ಪಾಳೆ ತಟ್ಟಲಾರೆ.

ಇಲ್ಲಿ ಒಂದು ವಾದ ಎದುರಾಗುತ್ತದೆ, ಅದನ್ನು ಬದಿಗೆ ತಳ್ಳಲು ಬರಲ್ಲ. ಹೋದರೆ ಹೋಗಲಿ ಬಿಡಿ, ಒಳ್ಳೆಯದೇ ಆಯಿತಲ್ಲ ಅನ್ನೋದು. ದೇವಾಂಗ, ಪದ್ಮಸಾಲಿ, ಪಟ್ಟಸಾಲಿ, ಕುರುಹಿನಶೆಟ್ಟಿ ಹೀಗೆ ನೇಕಾರಿಕೆ ಜಾತಿಗಳ ಜೊತೆ ಹೆಣೆದುಕೊಂಡು ಬಂದ ಕಸುಬು. ಹುಟ್ಟಿದ ಮನೆ ನೋಡಿ ಮಗುವಿನ ಕೆಲಸ ತೀರ್ಮಾನವಾಗುವುದು ನಿಲ್ಲಬೇಕು ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ. ಬೆಂಗಳೂರಿಗೆ ಹೋದ ಹುಡುಗನಿಗೆ ನಾನು ತಪ್ಪು ಹೊರಿಸಲಾರೆ. ಪರಂಪರೆ ಉಳಿಸುವ ಭಾರವನ್ನು 15 ವರ್ಷದ ಮಗುವಿನ ಹೆಗಲಿಗೆ ಹಾಕುವುದು ಅನ್ಯಾಯ, ಅದೂ ತಿಂಗಳಿಗೆ 5,000 ಕೊಟ್ಟು. ಆದರೆ ಆಯ್ಕೆ ಅಂದರೆ ಎರಡು ಬಾಗಿಲೂ ತೆರೆದಿರಬೇಕು. ಹೋಗಬೇಕು ಅನ್ನುವವನಿಗೆ ಹೋಗಲು ಬರಬೇಕು, ಉಳಿಯಬೇಕು ಅನ್ನುವವಳಿಗೆ ಮರ್ಯಾದೆಯಿಂದ ಉಳಿಯಲು ಬರಬೇಕು. ಈಗ ಒಂದು ಬಾಗಿಲಿನಿಂದ ಎಲ್ಲರನ್ನೂ ದಬ್ಬುತ್ತಿದ್ದೇವೆ, ಇನ್ನೊಂದನ್ನು ಮುಚ್ಚಿಬಿಟ್ಟಿದ್ದೇವೆ. ಇದನ್ನು ಸ್ವಾತಂತ್ರ್ಯ ಅಂತ ಕರೆಯಲು ನನಗೆ ಮನಸ್ಸು ಬರಲ್ಲ.

ಶಾಲೆಯ ವಿಷಯವನ್ನೂ ಇದೇ ಕಣ್ಣಿನಿಂದ ನೋಡಬೇಕು. ಮಕ್ಕಳು ಮಗ್ಗ ಬಿಟ್ಟು ಶಾಲೆಗೆ ಹೋಗಿದ್ದು ನೂರಕ್ಕೆ ನೂರು ಸರಿ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ತುಂಬದ ಮಕ್ಕಳನ್ನು ಕೆಲಸಕ್ಕೆ ಹಚ್ಚುವುದನ್ನು ಪೂರ್ತಿ ನಿಷೇಧಿಸಿದೆ. ಮನೆಯವರ ಉದ್ಯೋಗದಲ್ಲಿ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಕೈಜೋಡಿಸಬಹುದು ಅಷ್ಟೇ. ಆದರೆ ಒಂದು ಮಾತು ನೆನಪಿಡಬೇಕು. ಮಗ್ಗದ ಕಲಿಕೆಯಲ್ಲಿ ಒಂದಷ್ಟು ನಡೆಯುತ್ತಿದ್ದದ್ದು ಶಾಲೆ ತೆಗೆದುಕೊಂಡ ಆ ಗಂಟೆಗಳಲ್ಲೇ. ಗಂಟೆಗಳನ್ನು ತೆಗೆದುಕೊಂಡ ಶಾಲೆ ಅದರ ಬದಲಿಗೆ ಮಗ್ಗದ ಬಗ್ಗೆ ಏನನ್ನೂ ಕೊಡಲಿಲ್ಲ. ರಾಜ್ಯದ ಕೈಮಗ್ಗ ಅಭಿವೃದ್ಧಿ ನಿಗಮ 1975ರಿಂದ ಇದೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಹಂಚುವ ಸಮವಸ್ತ್ರದ ಬಟ್ಟೆ ನೇಯುವ ಕೆಲಸವೂ ಅದರ ನೇಕಾರರಿಗೆ ಸಿಕ್ಕಿದೆ. ಅಂದರೆ ನೇಕಾರರ ಕೈಯ ಬಟ್ಟೆ ಉಟ್ಟು ಮಗು ಶಾಲೆಗೆ ಹೋಗುತ್ತದೆ, ಶಾಲೆಯ ಪುಸ್ತಕದಲ್ಲಿ ಮಾತ್ರ ಆ ಬಟ್ಟೆ ಹೇಗೆ ಆಯಿತು ಅಂತ ಒಂದು ಪಾಠ ಹುಡುಕಿದರೂ ಕಷ್ಟ. ಹಾಸು ಹೊಕ್ಕಿನ ಲೆಕ್ಕಕ್ಕಿಂತ ಒಳ್ಳೆಯ ಗಣಿತದ ಪಾಠ ಆ ಓಣಿಯ ಮಕ್ಕಳಿಗೆ ಇನ್ನೇನಿದೆ?

ಸರ್ಕಾರದ ಕಡೆಯಿಂದ ಏನೂ ಇಲ್ಲ ಅಂತ ಹೇಳುವುದು ಸುಳ್ಳಾಗುತ್ತದೆ. ಗದಗ-ಬೆಟಗೇರಿಯಲ್ಲಿ ಕೈಮಗ್ಗ ತಂತ್ರಜ್ಞಾನ ಸಂಸ್ಥೆ ಇದೆ, ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷದ ಡಿಪ್ಲೊಮಾ. ನೇಕಾರರ ಮನೆಯವರು ಕೆಲಸ ಬಿಡದೆ ಓದಲಿ ಅಂತ ಕೇಂದ್ರದ ಜವಳಿ ಸಚಿವಾಲಯ ರಾಷ್ಟ್ರೀಯ ಮುಕ್ತ ಶಾಲೆ ಮತ್ತು ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡಿದೆ. ಪರಿಶಿಷ್ಟ ಜಾತಿ, ಪಂಗಡ, ಬಡತನ ರೇಖೆಗಿಂತ ಕೆಳಗಿನವರು ಮತ್ತು ಹೆಣ್ಣುಮಕ್ಕಳಿಗೆ ಫೀಸಿನಲ್ಲಿ ಶೇ. 75ನ್ನು ಸರ್ಕಾರವೇ ಕಟ್ಟುತ್ತದೆ. ಮೇಲೆ ಹೇಳಿದ ಆ ಹುಡುಗಿಗೆ ಇದು ನೇರವಾಗಿ ಉಪಯೋಗವಾಗುವ ಯೋಜನೆ. ಅವಳಿಗೆ ಇದು ಗೊತ್ತಾಗುವುದು ಹೇಗೆ ಅನ್ನೋದೇ ತೊಡಕು, ಅದಕ್ಕೇ ಇಲ್ಲಿ ಬರೆದೆ. ನೇಕಾರ ಸಮ್ಮಾನ್ ಅಂತ 2020ರಲ್ಲಿ ರಾಜ್ಯ ಸರ್ಕಾರ ವರ್ಷಕ್ಕೆ 2,000 ರೂಪಾಯಿ ಕೊಡಲು ಶುರು ಮಾಡಿತು, ನಂತರ ಅದನ್ನು 5,000ಕ್ಕೆ ಏರಿಸಿತು. ಸಣ್ಣ ಪವರ್‌ಲೂಮ್‌ಗಳಿಗೆ 10 ಎಚ್‌ಪಿವರೆಗೆ ಉಚಿತ ವಿದ್ಯುತ್ತೂ ಬಂತು. ಅದೂ ಬೇಕಾದದ್ದೇ. ಪವರ್‌ಲೂಮ್ ನಡೆಸುವವರಲ್ಲಿ ಎಷ್ಟೋ ಮಂದಿ ಮೊನ್ನೆಮೊನ್ನೆಯವರೆಗೆ ಕೈಮಗ್ಗದಲ್ಲಿ ಕೂತವರೇ, ರಬಕವಿ-ಬನಹಟ್ಟಿ ಕಡೆ ನೋಡಿದರೆ ಅವರ ಕಷ್ಟವೂ ಕಡಿಮೆ ಇಲ್ಲ. ಆದರೆ ಕರೆಂಟೇ ಬೇಡದ ಕೈಮಗ್ಗಕ್ಕೆ ಆ ಸಹಾಯದಿಂದ ಬರುವುದೇನೂ ಇಲ್ಲ. ಎದುರಾಳಿಯ ಖರ್ಚು ಮಾತ್ರ ಇನ್ನಷ್ಟು ಇಳಿಯುತ್ತದೆ.

ಈ ಯೋಜನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಎಲ್ಲವೂ ಒಬ್ಬೊಬ್ಬರಿಗೆ. ಒಬ್ಬ ನೇಕಾರನಿಗೆ ಹಣ, ಒಬ್ಬ ವಿದ್ಯಾರ್ಥಿಗೆ ಸೀಟು, ಒಬ್ಬರಿಗೆ ಪ್ರಶಸ್ತಿ, ಒಬ್ಬರಿಗೆ ಹೊಸ ಮಗ್ಗ. ಕಸುಬು ಇದ್ದದ್ದು ಒಬ್ಬೊಬ್ಬರ ಕೈಯಲ್ಲಿ ಅಲ್ಲ, ಓಣಿಯಲ್ಲಿ. ಹೊಸ ಮಗ್ಗ ಕೊಟ್ಟರೆ ಅದಕ್ಕೆ ಹಾಸು ಹೂಡಲು ಬರುವ ಇನ್ನಿಬ್ಬರು ಎಲ್ಲಿ? ಆ ಹುಡುಗಿಗೆ ಡಿಪ್ಲೊಮಾ ಕೊಟ್ಟು ಊರಿಗೆ ಕಳಿಸಿದರೆ ಅವಳ ಪಕ್ಕ ರಾಟೆ ತಿರುಗಿಸುವವರು ಯಾರು? ಅವ್ವನಿಗೆ ವಯಸ್ಸಾಗುತ್ತದೆ. ಪಕ್ಕದ ಮನೆಯ ಕುಣಿಗೆ ಮಣ್ಣು ತುಂಬಿ ಟೈಲ್ಸ್ ಹಾಕಿದ್ದಾರೆ. ಇಂಥ ಮನೆಗೆ ಹೋದರೆ ಸ್ವಲ್ಪ ನೆಲ ನೋಡಿ. ಕೋಣೆಯ ಒಂದು ಬದಿಗೆ ಟೈಲ್ಸ್ ಒಂದಿಷ್ಟು ಕುಸಿದಿರುತ್ತದೆ, ಅಥವಾ ಅಲ್ಲಿಯ ಸಿಮೆಂಟಿನ ಬಣ್ಣ ಬೇರೆ ಇರುತ್ತದೆ. ಕುಣಿ ಇದ್ದದ್ದು ಅಲ್ಲೇ. ಈಗ ಅದರ ಮೇಲೆ ಟಿವಿ ಸ್ಟ್ಯಾಂಡ್ ಇರುತ್ತದೆ.

ನನಗೆ ತೋಚುವುದು ಇಷ್ಟು. ಮೊದಲು ಮಜೂರಿ, ಉಳಿದಿದ್ದೆಲ್ಲ ಆಮೇಲೆ. ಟೋಪ ತೆನಿಯಂಥ ಕೆಲಸಕ್ಕೆ ಕನಿಷ್ಠ ಮಜೂರಿ ಗೊತ್ತು ಮಾಡಿ, ಸಾವಕಾರನಿರಲಿ, ಸಹಕಾರ ಸಂಘವಿರಲಿ, ನಿಗಮವಿರಲಿ, ಅದಕ್ಕಿಂತ ಕಡಿಮೆ ಕೊಡದಂತೆ ನೋಡಿಕೊಳ್ಳಬೇಕು. ಅದರಲ್ಲಿ ಹಾಸು ಹೂಡುವವರಿಗೂ ಕಂಡಿಕೆ ಸುತ್ತುವವರಿಗೂ ಪಾಲು ಬೇರೆಯಾಗಿ ಬರೆದಿರಬೇಕು. ಇವತ್ತಿನವರೆಗೂ ಅವರದ್ದು ಮನೆಯವರ ಕೆಲಸ ಅಂತ ಲೆಕ್ಕಕ್ಕೇ ಬಂದಿಲ್ಲ, ಮಕ್ಕಳು ಓಡಿಹೋಗಲು ಅದೂ ಒಂದು ಕಾರಣ. ವರ್ಷಗಟ್ಟಲೆ ದುಡಿದರೂ "ನಾನು ದುಡಿದೆ" ಅಂತ ಹೇಳಿಕೊಳ್ಳಲು ಒಂದು ರೂಪಾಯಿಯೂ ಕೈಯಲ್ಲಿ ಇರಲ್ಲ ಅಂದರೆ ಯಾವ ಹರೆಯದ ಮಗುವಿಗೆ ಅಲ್ಲಿ ನಿಲ್ಲಬೇಕು ಅನಿಸುತ್ತದೆ? ಎರಡನೆಯದು, 16 ದಾಟಿದವರಿಗೆ ಕೊಡುವ ತರಬೇತಿ, ಸ್ಟೈಪೆಂಡ್ ಏನೇ ಇದ್ದರೂ ಒಬ್ಬರಿಗೆ ಕೊಡಬೇಡಿ, ಮೂವರಿಗೆ ಒಟ್ಟಿಗೆ ಕೊಡಿ. ಒಂದೇ ಓಣಿಯ ಮೂವರು ಗೆಳೆಯರು ಸೇರಿ ಅರ್ಜಿ ಹಾಕಲಿ, ಕಾಲೇಜಿನ ಹೊತ್ತು ಬಿಟ್ಟು ಒಂದು ಮಗ್ಗದಲ್ಲಿ ಸರದಿ ಮೇಲೆ ಕಲಿಯಲಿ, ಕಲಿತ ಮೇಲೆ ಇಬ್ಬರಿಗೆ ಬೇರೆ ದಾರಿ ಬೇಕು ಅನಿಸಿದರೆ ಹೋಗಲಿ. ಮಗ್ಗವನ್ನು ಮನೆಯ ಕೋಣೆಯಿಂದ ಓಣಿಯ ಒಂದು ಶೆಡ್ಡಿಗೆ ತಂದರೂ ಸಾಕು, ಹೆಣ್ಣುಮಕ್ಕಳಿಗೆ ಅದು ಮನೆಗೆಲಸದ ನಡುವೆ ಮಾಡುವ ಇನ್ನೊಂದು ಕೆಲಸ ಆಗದೆ ಹೊತ್ತಿಗೆ ಹೋಗಿ ಹೊತ್ತಿಗೆ ಬರುವ ಕೆಲಸವಾಗುತ್ತದೆ. ಇದಕ್ಕೆ ದೊಡ್ಡ ಕಟ್ಟಡ ಬೇಡ. ಖಾಲಿ ಬಿದ್ದಿರುವ ಸಂಘದ ಗೋದಾಮು, ಸಮುದಾಯ ಭವನ ಪ್ರತಿ ನೇಕಾರರ ಊರಲ್ಲೂ ಒಂದಾದರೂ ಇರುತ್ತದೆ.

ಐದನೇ ಗಣತಿ ಯಾವಾಗಲಾದರೂ ಬರುತ್ತದೆ. ಬಂದವರು ಮನೆಯಲ್ಲಿ ಎಷ್ಟು ಮಗ್ಗ, ಎಷ್ಟು ಜನ, ಎಷ್ಟು ಆದಾಯ ಅಂತ ಕೇಳಿ ಬರೆದುಕೊಳ್ಳುತ್ತಾರೆ. ಅದರ ಜೊತೆಗೆ ಇನ್ನೊಂದು ಸಾಲು ಸೇರಿಸಿಕೊಳ್ಳಬೇಕು: ನಾಳೆ ಬೆಳಗ್ಗೆ ಹೊಸ ಹಾಸು ಹೂಡಬೇಕಾದರೆ ನಿಮ್ಮ ಜೊತೆ ಕೈಜೋಡಿಸಲು ಈ ಓಣಿಯಲ್ಲಿ ಯಾರಿದ್ದಾರೆ, ಅವರ ವಯಸ್ಸೆಷ್ಟು?